ರೂಮಿನಲ್ಲಿ, ಬಸ್ಸಿನಲ್ಲಿ, ಖಾನಾವಳಿಯಲ್ಲಿ ಪಕ್ಕದವರು ವೇಪ್ ಸೇದಿದರೆ ಏನು ಮಾಡಬೇಕು?

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಮನೆ. ಮೇಲಿನ ಮಹಡಿಯ 4 ರೂಮುಗಳನ್ನು ಓದುವ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದೇನೆ. ಇಂಡಿ, ಸಿಂದಗಿ, ಜಮಖಂಡಿ, ಮುಧೋಳ ಕಡೆಯ ಮಕ್ಕಳೇ ಜಾಸ್ತಿ. ಎಲ್ಲರೂ ನನ್ನನ್ನು ಕಾಕು ಅಂತ ಕರೆಯುತ್ತಾರೆ.

ಒಂದು ಜುಲೈ ಸಂಜೆ. ನಮ್ಮೂರಿನ ಜುಲೈ ಮಳೆ ಗೊತ್ತಲ್ಲ, ದಿನಗಟ್ಟಲೆ ಕಿಟಕಿ ತೆಗೆಯುವಂತಿಲ್ಲ. ಒಣಹಾಕಿದ ಬಟ್ಟೆ ನೋಡಲು ಮೇಲೆ ಹೋದೆ. ಇಂಡಿ ಕಡೆಯ ಹುಡುಗ ಮೆಟ್ಟಿಲ ಮೇಲೆ ಕೂತಿದ್ದ. ಕೈಯಲ್ಲಿ ಇನ್ಹೇಲರ್. ಅವನಿಗೆ ಚಿಕ್ಕಂದಿನಿಂದ ದಮ್ಮು, ಅಂದರೆ ಅಸ್ತಮಾ. "ಏನಾತೋ?" ಅಂದೆ. "ಏನಿಲ್ರಿ ಕಾಕು, ಥಂಡಿ ಆಗೇತಿ" ಅಂದ. ರೂಮಿನ ಬಾಗಿಲು ನೂಕಿದರೆ ಮಾವಿನಹಣ್ಣಿನ ಚಾಕಲೇಟಿನಂಥ ವಾಸನೆ. ಒಳಗಿದ್ದವನ ಕೈಯಲ್ಲಿ ಪೆನ್‌ಡ್ರೈವ್‌ನಂಥ ಒಂದು ಸಾಮಾನು. ಅದೇ ವೇಪ್, ಅಂದರೆ ಇ-ಸಿಗರೇಟು. "ಬರೇ ಉಗಿ ಐತ್ರಿ ಕಾಕು, ಹೊಗಿ ಅಲ್ರಿ" ಅಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಹಾಗೆ ನಂಬಿದ್ದ.

ಮೂರು ವಾರದಿಂದ ಆ ರೂಮಿನಲ್ಲಿ ಇದು ನಡೆದಿತ್ತು. ದಮ್ಮಿನ ಹುಡುಗ ಮೂರು ವಾರ ಬಾಯಿ ಬಿಟ್ಟಿರಲಿಲ್ಲ. ಬೀಡಿ ಆಗಿದ್ದರೆ ಮೊದಲ ದಿನವೇ ಜಗಳ ಆಗುತ್ತಿತ್ತು. ಬೀಡಿ ವಾಸನೆ ಕೆಳಗಿನ ಅಡುಗೆಮನೆಗೂ ಬರುತ್ತದೆ. ಇದು ಘಮ್ ಅಂತ ಬಂದು ಎರಡು ನಿಮಿಷಕ್ಕೆ ಮಾಯವಾಗುತ್ತದೆ. ಹಾಗಾಗಿ ಸೇದುವವನಿಗೆ ಇದು ತನ್ನೊಬ್ಬನ ವಿಷಯ ಅನ್ನಿಸುತ್ತದೆ. ಪಕ್ಕದವನಿಗೆ ದೂರು ಹೇಳಲು ಧೈರ್ಯ ಬರುವುದಿಲ್ಲ. ನಾನು ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಆ ಪಕ್ಕದವನಿಗಾಗಿ. ಸೇದುವ ಮಕ್ಕಳೂ ಓದಲಿ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಹೆಜ್ಜೆ 1: ಅದು ಉಗಿ ಅಲ್ಲ ಅಂತ ತಿಳಿದುಕೊಳ್ಳಿ

ಇಡ್ಲಿ ಪಾತ್ರೆಯಿಂದ ಬರುವುದು ಉಗಿ. ವೇಪಿನಿಂದ ಬರುವುದು ಬೇರೆಯೇ. ಅದರೊಳಗೆ ಒಂದು ಸಣ್ಣ ಬ್ಯಾಟರಿ, ಒಂದು ತಂತಿಯ ಸುರುಳಿ, ಲಿಕ್ವಿಡ್‌ನಲ್ಲಿ ನೆನೆದ ಹತ್ತಿ ಇರುತ್ತವೆ. ಬಾಯಲ್ಲಿಟ್ಟು ಎಳೆದಾಗ ಸುರುಳಿ ಕಾಯುತ್ತದೆ. ಲಿಕ್ವಿಡ್ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಹಾರುತ್ತದೆ. ಲಿಕ್ವಿಡ್ ಅಂದರೆ ಪ್ರೊಪಿಲಿನ್ ಗ್ಲೈಕಾಲ್, ಗ್ಲಿಸರಿನ್, ವಾಸನೆಗೆ ಹಾಕಿದ ರಾಸಾಯನಿಕ, ಮತ್ತು ಬಹಳ ಸಲ ನಿಕೋಟಿನ್. ಸುರುಳಿ ಜಾಸ್ತಿ ಕಾದರೆ ಫಾರ್ಮಾಲ್ಡಿಹೈಡ್, ಅಕ್ರೋಲಿನ್ ಅನ್ನುವ ಉರಿ ತರಿಸುವ ಅನಿಲಗಳು ಹುಟ್ಟುತ್ತವೆ. ಲೋಹದ ಸುರುಳಿಯಿಂದ ನಿಕ್ಕಲ್, ಸೀಸದ ಕಣಗಳೂ ಬರುತ್ತವೆ. ಸೇದಿದವನು ಹೊರಗೆ ಬಿಟ್ಟ ಮೇಲೆ ಇದೆಲ್ಲ ರೂಮಿನ ಗಾಳಿಗೆ ಸೇರುತ್ತದೆ.

ಸಿಗರೇಟಿನ ಹೊಗೆಯಲ್ಲಿ ಇರುವಷ್ಟು ಬಗೆಯ ವಿಷ ಇದರಲ್ಲಿ ಇಲ್ಲ, ಅದು ನಿಜ. ಮಕ್ಕಳು ಈ ಮಾತನ್ನು ತಪ್ಪದೆ ಹೇಳುತ್ತಾರೆ. ಆದರೆ ಪಕ್ಕದ ಮಂಚದಲ್ಲಿ ಮಲಗಿದವನು ಸಿಗರೇಟನ್ನೂ ಕೇಳಿರಲಿಲ್ಲ, ಇದನ್ನೂ ಕೇಳಿರಲಿಲ್ಲ. ಅವನು ಕೇಳಿದ್ದು ಚೊಕ್ಕ ಗಾಳಿ, ಅಲ್ವಾ?

ದಮ್ಮು ಇರುವವರಿಗೆ ಈ ಸಣ್ಣ ಹನಿಗಳಿಂದಲೇ ಉಸಿರುನಳಿಕೆ ಬಿಗಿಯಬಹುದು. ಬಸುರಿಯರು, ಕೂಸುಗಳು ಇರುವ ಜಾಗದಲ್ಲಿ ನಿಕೋಟಿನ್ ಗಾಳಿಗೆ ಬಿಡುವುದು ಇನ್ನೂ ಕೆಟ್ಟದ್ದು. ಸೇದುವ ಹುಡುಗನಿಗೂ ಒಂದು ಮಾತು: ಮಿದುಳು ಸುಮಾರು 25 ವರ್ಷದವರೆಗೆ ಬೆಳೆಯುತ್ತಾ ಇರುತ್ತದೆ. ಆ ವಯಸ್ಸಿನಲ್ಲಿ ನಿಕೋಟಿನ್ ಬೇಗ ಚಟವಾಗುತ್ತದೆ.

2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದುವವರಿಗೆ ಇದ್ದಕ್ಕಿದ್ದಂತೆ ಶ್ವಾಸಕೋಶದ ಕಾಯಿಲೆ ಕಾಣಿಸಿತು. 2020ರ ಫೆಬ್ರವರಿ ಹೊತ್ತಿಗೆ 2,807 ಜನ ಆಸ್ಪತ್ರೆ ಸೇರಿದ್ದರು ಅಥವಾ ತೀರಿಕೊಂಡಿದ್ದರು. ಸತ್ತವರು 68. ಬಹಳಷ್ಟು ಪ್ರಕರಣಗಳಲ್ಲಿ ಸಿಕ್ಕ ಕಾರಣ, ಗಾಂಜಾ ಅಂಶದ ಕಳ್ಳಮಾಲಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅನ್ನುವ ಎಣ್ಣೆಯಂಥ ಪದಾರ್ಥ. ನಮ್ಮಲ್ಲಿ ಸಿಗುವುದೆಲ್ಲ ಕಳ್ಳಮಾಲೇ. ಮೇಲಿನ ಚೀಟಿಯಲ್ಲಿ ಬರೆದದ್ದೇ ಒಳಗಿದೆ ಅಂತ ನಂಬಲು ಯಾವ ದಾರಿಯೂ ಇಲ್ಲ.

ಹೆಜ್ಜೆ 2: ಕಾನೂನು ಏನು ಹೇಳುತ್ತದೆ, ಸರಿಯಾಗಿ ತಿಳಿದುಕೊಳ್ಳಿ

ಇದರಲ್ಲಿ ಅರ್ಧಂಬರ್ಧ ತಿಳಿದವರೇ ಜಾಸ್ತಿ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕರ್ನಾಟಕ 2016ರಲ್ಲೇ ಇ-ಸಿಗರೇಟು ಮಾರಾಟ ನಿಲ್ಲಿಸಿತ್ತು. ಆಮೇಲೆ 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಸುಗ್ರೀವಾಜ್ಞೆ ತಂದಿತು. ಅದೇ ವರ್ಷ ಡಿಸೆಂಬರಿನಲ್ಲಿ ಅದು ಕಾಯ್ದೆ ಆಯಿತು. ತಯಾರಿಸುವುದು, ಹೊರದೇಶದಿಂದ ತರುವುದು, ಕಳಿಸುವುದು, ಸಾಗಿಸುವುದು, ಮಾರುವುದು, ಹಂಚುವುದು, ಜಾಹೀರಾತು ಕೊಡುವುದು, ದಾಸ್ತಾನು ಇಡುವುದು ಎಲ್ಲ ನಿಷಿದ್ಧ. ಆನ್‌ಲೈನ್ ಮಾರಾಟವೂ ಇದರಲ್ಲೇ ಬಂತು. ಬಿಡಿ ಭಾಗಗಳೂ ಬಂದವು.

ಮೊದಲ ಸಲ ಮಾರಿ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟರೆ 6 ತಿಂಗಳವರೆಗೆ ಜೈಲು, ಅಥವಾ 50 ಸಾವಿರದವರೆಗೆ ದಂಡ, ಅಥವಾ ಎರಡೂ.

"ನಂದು ನಿಕೋಟಿನ್ ಇಲ್ಲದ್ದು, ಅದಕ್ಕ ಕಾನೂನು ಇಲ್ರಿ" ಅಂತ ಒಬ್ಬ ಹುಡುಗ ನನ್ನ ಜೊತೆ ವಾದ ಮಾಡಿದ್ದ. ಆ ವಾದ ನಿಲ್ಲುವುದಿಲ್ಲ. ನಿಕೋಟಿನ್ ಇರಲಿ, ಬಿಡಲಿ, ಪದಾರ್ಥವನ್ನು ಕಾಯಿಸಿ ಒಳಗೆ ಎಳೆದುಕೊಳ್ಳುವ ಎಲೆಕ್ಟ್ರಾನಿಕ್ ಸಾಧನ ಆದರೆ ಸಾಕು. ಇ-ಹುಕ್ಕಾ ಕೂಡ ಅದೇ ಪಟ್ಟಿಯಲ್ಲಿದೆ.

ಸೇದುವವನಿಗೆ ಅಂತ ಬೇರೆ ಶಿಕ್ಷೆಯನ್ನು ಕಾಯ್ದೆಯಲ್ಲಿ ಬರೆದಿಲ್ಲ. ಇದನ್ನೇ ಹಿಡಿದುಕೊಂಡು "ಮಾರಬಾರದು ಅಷ್ಟೇ, ಸೇದಬಹುದು" ಅನ್ನುವವರಿದ್ದಾರೆ. ಆದರೆ ಯಾವ ರೂಪದಲ್ಲಿ, ಎಷ್ಟೇ ಇಟ್ಟುಕೊಂಡರೂ ಅದು ಉಲ್ಲಂಘನೆಯೇ ಅಂತ ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ಹೇಳಿದೆ. ಇನ್ನೊಂದು ವಿಷಯ. ಗೋವಾಕ್ಕೆ ಹೋದವನು ದೋಸ್ತರಿಗೆ ಅಂತ ನಾಲ್ಕು ತಂದರೆ, ಅವನು ಸೇದುವವನು ಮಾತ್ರ ಆಗಿ ಉಳಿಯುವುದಿಲ್ಲ. ಸಾಗಿಸಿದವನೂ ಹೌದು, ಹಂಚಿದವನೂ ಹೌದು. ದುಬೈನಿಂದ ಬರುವ ಅಣ್ಣನ ಹತ್ತಿರ ತರಿಸಿದರೆ ಅದು ಆಮದು. ಗೋವಾಕ್ಕೆ ಹೋಗುವ ಚೋರ್ಲಾ ಘಾಟಿನ ದಾರಿಯಲ್ಲಿ ಹುಡುಗರ ಕಾರುಗಳು ಎಷ್ಟು ಹೋಗಿಬರುತ್ತವೆ ಅಂತ ಬೆಳಗಾವಿಯವರಿಗೆ ಹೇಳಬೇಕಿಲ್ಲ. ಇಪ್ಪತ್ತು ವರ್ಷದ ಹುಡುಗನ ಮೇಲೆ ಇಂಥದಕ್ಕೆ ಒಂದು ಕೇಸು ಬಿದ್ದರೆ ನೌಕರಿ, ಪಾಸ್‌ಪೋರ್ಟು ಎಲ್ಲದರಲ್ಲೂ ಉತ್ತರ ಕೊಡಬೇಕಾಗುತ್ತದೆ. ನನಗೆ ಸಂಕಟ ಆಗುವುದು ಅದಕ್ಕೆ.

ನನ್ನಂಥ ಮನೆ ಮಾಲೀಕರು, ಹಾಸ್ಟೆಲ್ ನಡೆಸುವವರು, ಅಂಗಡಿಯವರು ಗಮನಿಸಬೇಕಾದ ಮಾತು ಬೇರೆ ಇದೆ. ತನ್ನ ಜಾಗದಲ್ಲಿ ದಾಸ್ತಾನು ಇಡಲು ಗೊತ್ತಿದ್ದೂ ಬಿಟ್ಟರೆ ಆ ಜಾಗದವರೂ ತಪ್ಪಿತಸ್ಥರು. "ನನಗೇನು, ಬಾಡಿಗೆ ಬಂದರೆ ಸಾಕು" ಅನ್ನುವಂತಿಲ್ಲ. ಸಬ್ ಇನ್‌ಸ್ಪೆಕ್ಟರ್ ಮತ್ತು ಅದಕ್ಕಿಂತ ಮೇಲಿನ ಪೊಲೀಸರಿಗೆ ಜಾಗ ಹುಡುಕಿ ಮಾಲು ವಶಪಡಿಸಿಕೊಳ್ಳುವ ಅಧಿಕಾರ ಇದೆ.

"ಹಾಗಾದರೆ ಸಿಗರೇಟೇ ಸೇದುತ್ತೇನೆ" ಅಂದರೆ ಅದಕ್ಕೂ ಕಾನೂನು ಬಿಗಿಯಾಗಿದೆ. 2025ರ ಮೇ ತಿಂಗಳಿಂದ ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ಸಿಗರೇಟು, ತಂಬಾಕು ಮಾರುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200ರಿಂದ 1,000 ರೂಪಾಯಿಗೆ ಏರಿದೆ. ಹುಕ್ಕಾ ಬಾರ್ ನಡೆಸಿದರೆ 1ರಿಂದ 3 ವರ್ಷ ಜೈಲು.

ಹೆಜ್ಜೆ 3: ರೂಮಿಗೆ ಬರುವ ದಿನವೇ ಮಾತಾಡಿಕೊಳ್ಳಿ

ನಾನು ಮಾಡಿದ ತಪ್ಪು ಇಲ್ಲಿಯೇ. ನಮ್ಮ ಬಾಡಿಗೆ ಕರಾರಿನಲ್ಲಿ "ಬೀಡಿ, ಸಿಗರೇಟು, ಗುಟ್ಕಾ, ಮದ್ಯ ಇಲ್ಲ" ಅಂತ ಇತ್ತು. ವೇಪ್ ಅನ್ನುವ ಶಬ್ದ ಇರಲಿಲ್ಲ. ಹುಡುಗ ಅದನ್ನೇ ತೋರಿಸಿದ. ಈಗ "ಇ-ಸಿಗರೇಟು, ವೇಪ್, ಇ-ಹುಕ್ಕಾ, ಯಾವ ಹೆಸರಿನದ್ದೇ ಇರಲಿ" ಅಂತ ಸೇರಿಸಿದ್ದೇನೆ. ಕೈಗೆ ಕೀಲಿ ಕೊಡುವ ಮೊದಲು ಬಾಯಿಂದಲೂ ಹೇಳುತ್ತೇನೆ. ಓದಿ ಸಹಿ ಹಾಕುವವರು ಕಡಿಮೆ.

ರೂಮು ಹಂಚಿಕೊಳ್ಳುವವರೂ ಮೊದಲ ವಾರದಲ್ಲೇ ಒಂದು ಸಲ ಚಹಾ ಕುಡಿಯುತ್ತ ಕೂತು ಮಾತಾಡಿ. ಯಾರಿಗೆ ದಮ್ಮು ಇದೆ, ಯಾರಿಗೆ ಧೂಳು ಆಗುವುದಿಲ್ಲ, ಯಾರಿಗೆ ಲೈಟು ಹಚ್ಚಿದರೆ ನಿದ್ದೆ ಬರಲ್ಲ. ಈ ಸಾಲಿನಲ್ಲೇ ವೇಪಿನ ಮಾತೂ ಬಂದುಹೋಗಲಿ. ಯಾರ ಮೇಲೂ ಬೆರಳು ತೋರಿಸುವ ಮೊದಲು ಆಡಿದ ಮಾತು ಸುಲಭವಾಗಿ ದಾಟುತ್ತದೆ. ಸಿಕ್ಕಿಬಿದ್ದ ಮೇಲೆ ಆಡಿದ ಅದೇ ಮಾತು ಬೈದಂತೆ ಕೇಳುತ್ತದೆ.

ಹೆಜ್ಜೆ 4: ಹೇಳಬೇಕಾಗಿ ಬಂದಾಗ, ಹೀಗೆ ಹೇಳಿ

ಇದು ಎಲ್ಲಕ್ಕಿಂತ ಕಷ್ಟದ ಕೆಲಸ. ನಮ್ಮ ಕಡೆಯ ಮಕ್ಕಳು ಜಗಳಕ್ಕೆ ಹೆದರುವವರಲ್ಲ. ಆದರೆ ದೋಸ್ತಿ ಕೆಡುತ್ತದೆ ಅನ್ನುವ ಹೆದರಿಕೆ ಬಹಳ. ಆ ಇಂಡಿ ಹುಡುಗ ಸುಮ್ಮನಿದ್ದದ್ದೂ ಅದಕ್ಕೇ. ಸೇದುವವನು ಅವನಿಗೆ ಗಣಿತ ಹೇಳಿಕೊಡುತ್ತಿದ್ದ, ಊರಿಂದ ಬಂದ ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಳ್ಳುತ್ತಿದ್ದ. ಅಂಥವನಿಗೆ ಬೇಡ ಅನ್ನುವುದು ಹೇಗೆ?

ನಾನು ಕಂಡುಕೊಂಡದ್ದು ಇಷ್ಟು. ಒಬ್ಬನೇ ಇದ್ದಾಗ ಹೇಳಿ, ನಾಲ್ಕು ಜನರ ಮುಂದೆ ಬೇಡ. ಸೇದುತ್ತಿರುವಾಗ ಹೇಳಬೇಡಿ, ಆಗ ಕೈ ತಡೆದಂತೆ ಆಗುತ್ತದೆ. ಮರುದಿನ, ಹೊಟ್ಟೆ ತುಂಬಿದಾಗ ಹೇಳಿ. ಅವನ ಚಟದ ಬಗ್ಗೆ ಉಪದೇಶ ಬೇಡ, ನಿಮ್ಮ ಉಸಿರಿನ ಬಗ್ಗೆ ಹೇಳಿ. "ದೋಸ್ತಾ, ನೀ ಸೇದಿದ ರಾತ್ರಿ ನನಗ ಎದಿ ಬಿಗಿತೈತಿ. ಎರಡು ಸಲ ಪಂಪ್ ತಗೋಬೇಕಾತು. ರೂಮಿನ್ಯಾಗ ಬ್ಯಾಡಪಾ." ಇಷ್ಟು ಸಾಕು. ಇದಕ್ಕೆ ವಾದ ಹೂಡಲು ಬರುವುದಿಲ್ಲ. "ಅದು ಕೆಟ್ಟದ್ದು ಐತಿ" ಅಂದರೆ ಮಾತ್ರ ಮೊಬೈಲು ತೆಗೆದು ಹತ್ತು ವಿಡಿಯೊ ತೋರಿಸುತ್ತಾನೆ.

"ಕಿಟಕಿ ಹತ್ತಿರ ಸೇದುತ್ತೇನೆ", "ಬಚ್ಚಲಲ್ಲಿ ಸೇದುತ್ತೇನೆ" ಅಂದರೆ ಒಪ್ಪಬೇಡಿ. ಬಚ್ಚಲಿನ ಗಾಳಿ ಬಾಗಿಲ ಸಂದಿಯಿಂದ ರೂಮಿಗೇ ಬರುತ್ತದೆ. ಫ್ಯಾನು ಹಾಕಿದರೂ ಗಾಳಿ ತಿರುಗುತ್ತದೆ ಅಷ್ಟೇ, ಹೋಗುವುದಿಲ್ಲ. ಎರಡನೇ ಸಲ ಹೇಳಿಯೂ ನಿಲ್ಲದಿದ್ದರೆ ಮನೆಯವರಿಗೆ ಅಥವಾ ವಾರ್ಡನ್‌ಗೆ ಹೇಳಿ. ಅದು ಚಾಡಿ ಅಲ್ಲ.

ಮಾಲೀಕರಿಗೂ ಒಂದು ಮಾತು. ಹುಡುಗರ ಚೀಲ ಕೆದಕಬೇಡಿ, ಕೈ ಎತ್ತಬೇಡಿ, ಮೊದಲ ದಿನವೇ ಊರಿಗೆ ಫೋನು ಹಚ್ಚಬೇಡಿ. ನಾನು ಸೇದುವ ಹುಡುಗನಿಗೆ ಬಿಡಲು ಒಂದು ವಾರ ಕೊಟ್ಟೆ. ದಮ್ಮಿನ ಹುಡುಗನನ್ನು ಅವತ್ತೇ ಬೇರೆ ರೂಮಿಗೆ ಕಳಿಸಿದೆ. ಆಮೇಲೆ ಯೋಚಿಸಿದೆ, ಎದ್ದು ಹೋಗಬೇಕಾದವನು ಅವನಲ್ಲ. ಮರುದಿನ ಇಬ್ಬರನ್ನೂ ಅದಲುಬದಲು ಮಾಡಿದೆ. ಒಂದೆರಡು ಅಲ್ಲ, ಪೆಟ್ಟಿಗೆಗಟ್ಟಲೆ ಮಾಲು ಕಂಡರೆ ಮಾತ್ರ ದಾರಿ ಬೇರೆ. ಅದನ್ನು ಮುಟ್ಟಬೇಡಿ, ಸುಡಬೇಡಿ, ಪೊಲೀಸರಿಗೆ ಹೇಳಿ. ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ದೂರು ಕೊಡಲು ಒಂದು ಆನ್‌ಲೈನ್ ತಾಣವನ್ನೂ ತೆರೆದಿದೆ. ಶಾಲೆ, ಕಾಲೇಜಿನ ಹತ್ತಿರ ಯಾರಾದರೂ ಮಾರುತ್ತಿದ್ದರೆ ಅಲ್ಲಿ ತಿಳಿಸಬಹುದು.

ಹೆಜ್ಜೆ 5: ಮನೆಯ ಹೊರಗೆ

ವಿಜಯಪುರದಿಂದ ಬೆಂಗಳೂರಿಗೆ ರಾತ್ರಿ ಹೋಗುವ ಎಸಿ ಸ್ಲೀಪರ್ ಬಸ್ಸು ನೆನೆಸಿಕೊಳ್ಳಿ. ಕಿಟಕಿ ತೆಗೆಯುವುದಿಲ್ಲ. ಪರದೆ ಎಳೆದು ಒಬ್ಬ ಒಳಗೆ ಸೇದಿದರೆ ಅದೇ ಗಾಳಿ ಬೆಳಗಿನವರೆಗೆ ಬಸ್ಸಿನವರೆಲ್ಲರ ಮೂಗಿಗೂ ಸುತ್ತುತ್ತದೆ. ಮೊದಲು ಅವರಿಗೇ ಮೆಲ್ಲಗೆ ಹೇಳಿ. ಸಣ್ಣವನಾದರೆ "ತಮ್ಮಾ, ಕೂಸು ಐತಿ, ಬಂದ್ ಮಾಡಪಾ", ದೊಡ್ಡವರಾದರೆ "ಕಾಕಾರ, ಉಸಿರಿಗೆ ತ್ರಾಸ ಆಗಾಕತ್ತೈತ್ರಿ". ಕೇಳದಿದ್ದರೆ ಕಂಡಕ್ಟರಿಗೆ ಸೀಟು ನಂಬರು ಹೇಳಿ. ನೀವೇ ಕೈಯಿಂದ ಕಸಿದುಕೊಳ್ಳಲು ಹೋಗಬೇಡಿ. ಓಡುವ ಬಸ್ಸಿನಲ್ಲಿ ಗದ್ದಲ ಯಾರಿಗೂ ಒಳ್ಳೆಯದಲ್ಲ.

ರೈಲಿನಲ್ಲಿ ಮಾತು ಇನ್ನೂ ಗಂಭೀರ. 2025ರ ಆಗಸ್ಟಿನಿಂದ ಬೆಳಗಾವಿ ಬೆಂಗಳೂರು ನಡುವೆ ವಂದೇ ಭಾರತ್ ಓಡುತ್ತಿದೆ. ಅಂಥ ರೈಲುಗಳ ಶೌಚಾಲಯದಲ್ಲೂ ಹೊಗೆ ಪತ್ತೆ ಹಚ್ಚುವ ಸಾಧನ ಇರುತ್ತದೆ. 2023ರ ಆಗಸ್ಟಿನಲ್ಲಿ ತಿರುಪತಿ ಸಿಕಂದರಾಬಾದ್ ವಂದೇ ಭಾರತ್‌ನಲ್ಲಿ ಒಬ್ಬ ಶೌಚಾಲಯದಲ್ಲಿ ಸೇದಿದ್ದಕ್ಕೆ ಅಲಾರಂ ಬಡಿದು, ಬೆಂಕಿ ಆರಿಸುವ ಪುಡಿ ತಾನೇ ಹಾರಿ, ರೈಲೇ ನಿಂತಿತು. ಅದು ಸಿಗರೇಟಿನ ಕಥೆ. ಆದರೆ ವೇಪಿನ ದಟ್ಟ ಮೋಡವೂ ಅಂಥ ಸಾಧನವನ್ನು ಎಬ್ಬಿಸಬಲ್ಲದು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಹೋಗುವವರು ಇದನ್ನು ಜೊತೆಗೆ ಒಯ್ಯುವ ಯೋಚನೆಯನ್ನೇ ಬಿಡಿ. ವಿಮಾನದ ಕೆಳಗಿನ ಲಗೇಜಿನಲ್ಲಿ ಇದರ ಬ್ಯಾಟರಿಗೆ ಬೆಂಕಿ ಹತ್ತಿದರೆ ನೋಡುವವರೇ ಇರುವುದಿಲ್ಲ.

ಖಾನಾವಳಿ, ಮಂಗಲ ಕಾರ್ಯಾಲಯ, ಆಫೀಸಿನ ಲಿಫ್ಟು ಇವೆಲ್ಲ ಒಂದೇ. ಅಲ್ಲಿ ಕೆಲಸ ಮಾಡುವವರ ಕಡೆ ಒಮ್ಮೆ ನೋಡಿ. ನೀವು ಅರ್ಧ ಗಂಟೆ ಊಟ ಮಾಡಿ ಹೋಗುತ್ತೀರಿ. ರೊಟ್ಟಿ ಬಡಿಯುವ ಅಕ್ಕ, ತಾಟು ಎತ್ತುವ ಹುಡುಗ ದಿನವಿಡೀ ಅದೇ ಗಾಳಿಯಲ್ಲಿ ಇರುತ್ತಾರೆ. ಮಾಲೀಕರಿಗೆ "ಸಾವಕಾರ್ರ, ಆ ಮೇಜಿನವರಿಗೆ ನೀವೇ ಒಂದು ಮಾತು ಹೇಳ್ರಿ" ಅಂದರೆ ಸಾಕು, ಬಹಳ ಸಲ ಅವರೇ ಹೇಳುತ್ತಾರೆ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಶಾಲೆ ಮಕ್ಕಳ ಸಾಲಿನ ನಡುವೆ ಇಬ್ಬರು ಸೇದುತ್ತಿದ್ದುದನ್ನು ನಾನೇ ನೋಡಿದ್ದೇನೆ. ಕಾವಲುಗಾರರಿಗೆ ಹೇಳಿದೆ, ಕೆಳಗಿಳಿಸಿದರು.

ಹೆಜ್ಜೆ 6: ಬ್ಯಾಟರಿಯನ್ನು ನಂಬಬೇಡಿ

ಇದನ್ನು ಯಾರೂ ಹೇಳುವುದಿಲ್ಲ. ನಾನು ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಗಾದಿ ಸುಟ್ಟಿದೆ. ಆ ಸೇದುವ ಹುಡುಗನೇ ರಾತ್ರಿ ವೇಪನ್ನು ಚಾರ್ಜಿಗೆ ಹಾಕಿ ದಿಂಬಿನ ಪಕ್ಕ ಇಟ್ಟು ಮಲಗಿದ್ದ. ಕೈಗೆ ಬಿಸಿ ತಗುಲಿ ಎಚ್ಚರ ಆಯಿತು. ಅಂಗೈ ಅಗಲ ಗಾದಿ ಕಪ್ಪಾಗಿತ್ತು. ಅಷ್ಟಕ್ಕೇ ನಿಂತಿತು, ದೇವರು ದೊಡ್ಡವನು.

ಒಳಗಿರುವುದು ಲಿಥಿಯಂ ಬ್ಯಾಟರಿ. ಕೆಟ್ಟ ಚಾರ್ಜರು, ಬಿದ್ದು ಜಜ್ಜಿದ್ದು, ವಿಪರೀತ ಬಿಸಿಲು, ಇವು ಅದಕ್ಕೆ ಆಗುವುದಿಲ್ಲ. ಒಳಗೆ ಬಿಸಿ ಒಂದು ಮಿತಿ ದಾಟಿದರೆ ಆ ಬಿಸಿಯೇ ಮತ್ತಷ್ಟು ಬಿಸಿ ಹುಟ್ಟಿಸುತ್ತದೆ. ಆಮೇಲೆ ತಡೆಯಲು ಆಗದು. ವಿಜಯಪುರ, ಬಾಗಲಕೋಟೆಯಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಡ್ಯಾಶ್‌ಬೋರ್ಡಿನ ಮೇಲೆ, ಬೈಕಿನ ಡಿಕ್ಕಿಯಲ್ಲಿ, ಪತ್ರಾಸಿನ ಮನೆಯ ಅಟ್ಟದ ಮೇಲೆ ಬಿಟ್ಟ ಬ್ಯಾಟರಿ ಅಪಾಯ. ಬಿಡಿ ಬ್ಯಾಟರಿಯನ್ನು ಕೀಲಿಕೈ, ಚಿಲ್ಲರೆ ಇರುವ ಕಿಸೆಯಲ್ಲಿ ಇಟ್ಟರೂ ಎರಡು ತುದಿ ಕೂಡಿ ಶಾರ್ಟ್ ಆಗುತ್ತದೆ. ತೊಡೆ ಸುಟ್ಟವರಿದ್ದಾರೆ. ಇದು ವೇಪಿಗಷ್ಟೇ ಅಲ್ಲ, ಪವರ್ ಬ್ಯಾಂಕಿಗೂ ಹೊಂದುತ್ತದೆ.

ಉಬ್ಬಿದೆ, ಸುಯ್ಯ್ ಅನ್ನುತ್ತಿದೆ, ಸಿಹಿಯಾದ ರಾಸಾಯನಿಕದ ವಾಸನೆ ಬರುತ್ತಿದೆ ಅಂದರೆ ಮುಟ್ಟಬೇಡಿ. ಎಲ್ಲರನ್ನೂ ಹೊರಗೆ ಕಳಿಸಿ. ಚಾರ್ಜಿಗೆ ಹಾಕಿದ್ದರೆ ಮೇನ್ ಸ್ವಿಚ್ ಆರಿಸಿ. ಸಣ್ಣ ಸಾಧನಕ್ಕೆ ಬೆಂಕಿ ಹತ್ತಿದ್ದರೆ ದೂರದಿಂದ ಜಾಸ್ತಿ ನೀರು ಸುರಿಯಿರಿ, ತಣ್ಣಗಾಗುವುದೇ ಮುಖ್ಯ. ಆರಿತು ಅನ್ನಿಸಿದರೂ ಮತ್ತೆ ಹತ್ತಿಕೊಳ್ಳಬಹುದು. ಹೊಗೆ ವಿಷ, ಅದರೊಳಗೆ ನಿಲ್ಲಬೇಡಿ. ಗಾದಿ, ಪರದೆಗೆ ಹಬ್ಬಿದರೆ 101 ಅಥವಾ 112ಕ್ಕೆ ಫೋನು ಮಾಡಿ. ಸುಟ್ಟ ಕೈಯನ್ನು ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿದು ಆಸ್ಪತ್ರೆಗೆ ಹೋಗಿ. ಟೂತ್‌ಪೇಸ್ಟ್, ಇಂಕು, ಅರಿಷಿಣ ಏನೂ ಹಚ್ಚಬೇಡಿ.

ಕೆಟ್ಟುಹೋದದ್ದನ್ನು ಬೆಳಗಿನ ಕಸದ ಗಾಡಿಗೆ ಎಸೆಯಬೇಡಿ. ಕಸ ಒತ್ತುವಾಗ ಬ್ಯಾಟರಿ ಒಡೆದು ಗಾಡಿಯಲ್ಲೇ ಬೆಂಕಿ ಏಳುತ್ತದೆ, ಪೌರಕಾರ್ಮಿಕರ ಕೈಗೆ ಲಿಕ್ವಿಡ್ ತಗುಲುತ್ತದೆ. ಬ್ಯಾಟರಿಯ ತುದಿಗೆ ಟೇಪು ಸುತ್ತಿ, ಬೇರೆ ಚೀಲದಲ್ಲಿ ಹಾಕಿ, ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿ ಕೊಡಿ.

ಹೆಜ್ಜೆ 7: ಲಿಕ್ವಿಡ್ ಚೆಲ್ಲಿದರೆ, ಕೂಸಿನ ಬಾಯಿಗೆ ಹೋದರೆ

ನನ್ನ ತವರು ನಿಪ್ಪಾಣಿ ಕಡೆ. ಬೀಡಿ ತಂಬಾಕಿನ ಊರು. ಚಿಕ್ಕವಳಿದ್ದಾಗ ಇಬ್ಬನಿಯಲ್ಲಿ ನೆನೆದ ತಂಬಾಕಿನ ಎಲೆ ಮುಟ್ಟಿ ಕೆಲಸ ಮಾಡಿದ ಹೆಂಗಸರು ತಲೆ ತಿರುಗಿ, ವಾಂತಿ ಮಾಡಿಕೊಂಡು ಬದುವಿನ ಮೇಲೆ ಮಲಗುವುದನ್ನು ನೋಡಿದ್ದೇನೆ. ಅವರು ತಿಂದಿರಲಿಲ್ಲ, ಸೇದಿರಲಿಲ್ಲ. ನಿಕೋಟಿನ್ ಚರ್ಮದಿಂದಲೇ ಒಳಗೆ ಹೋಗಿತ್ತು. ನಮ್ಮವ್ವ ಹೊಲದಿಂದ ಬಂದರೆ ಕೈ ತಿಕ್ಕಿ ತೊಳೆಯದೆ ನಮ್ಮನ್ನು ಎತ್ತಿಕೊಳ್ಳುತ್ತಿರಲಿಲ್ಲ.

ವೇಪಿನ ಲಿಕ್ವಿಡ್‌ನಲ್ಲಿ ಅದೇ ನಿಕೋಟಿನ್ ಭಟ್ಟಿ ಇಳಿಸಿದಂತೆ ಗಟ್ಟಿಯಾಗಿ ಇರುತ್ತದೆ. ಮೇಲೆ ಮಾವು, ಸ್ಟ್ರಾಬೆರಿ ವಾಸನೆ, ಬಣ್ಣದ ಚಿತ್ರ. ಎರಡು ವರ್ಷದ ಕೂಸಿಗೆ ಅದು ಸಿರಪ್ಪೇ. ಸ್ವಲ್ಪ ಹೋದರೂ ಜೀವಕ್ಕೆ ಅಪಾಯ. ವಾಂತಿ, ಜೊಲ್ಲು ಸುರಿಯುವುದು, ಮುಖ ಬಿಳಿಚಿಕೊಳ್ಳುವುದು, ಎದೆ ಜೋರಾಗಿ ಬಡಿಯುವುದು, ಆಮೇಲೆ ಫಿಟ್ಸ್ ಬರಬಹುದು. ಬಾಯಿ ಒರೆಸಿ. ಬಲವಂತವಾಗಿ ವಾಂತಿ ಮಾಡಿಸಬೇಡಿ. ಉಪ್ಪುನೀರು ಕುಡಿಸಬೇಡಿ. 108ಕ್ಕೆ ಫೋನು ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಓಡಿ. ಬಾಟಲಿಯನ್ನು ಜೊತೆಗೆ ಒಯ್ಯಿರಿ. ಕಾನೂನಿಗೆ ಹೆದರಿ ಡಾಕ್ಟರ ಮುಂದೆ ಮುಚ್ಚಿಡಬೇಡಿ. ದಿಲ್ಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ನಂಬರು 1800-116-117. ಚರ್ಮದ ಮೇಲೆ ಚೆಲ್ಲಿದ್ದರೆ ಬಟ್ಟೆ ಬಿಚ್ಚಿ ಸಾಬೂನು ಹಚ್ಚಿ ಜಾಸ್ತಿ ನೀರಿನಲ್ಲಿ ತೊಳೆಯಿರಿ.

ರಜೆಗೆ ಊರಿಗೆ ಹೋಗುವ ಹುಡುಗರೇ, ನಿಮ್ಮ ಚೀಲವನ್ನು ಮನೆಯಲ್ಲಿ ಮೊದಲು ತೆಗೆದು ನೋಡುವುದು ಅಕ್ಕನ ಮಗುವೇ. ಅದಕ್ಕೆ ತಿಂಡಿ ಬೇಕಿರುತ್ತದೆ.

ಹೆಜ್ಜೆ 8: ಬಿಡುತ್ತೇನೆ ಅಂದವನ ಜೊತೆಗೆ ಇರಿ

ಒಂದು ವಾರ ಕೊಟ್ಟಿದ್ದೆ ಅಂದೆನಲ್ಲ. ಐದನೇ ದಿನ ಅವನು ಕೆಳಗೆ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತ. "ಬಿಡಾಕ ಆಗವಲ್ದ್ರಿ ಕಾಕು" ಅಂದ. ಕಣ್ಣಲ್ಲಿ ನೀರಿತ್ತು. ಚಟ ಅಂದರೆ ಏನು ಅಂತ ನನಗೆ ಅವತ್ತು ಗೊತ್ತಾಯಿತು.

ಸಿಗರೇಟು ಪ್ಯಾಕಿನ ಮೇಲೆ ಒಂದು ನಂಬರು ಇರುತ್ತದೆ, 1800-11-2356. ತಂಬಾಕು ಬಿಡಿಸಲು ಸರ್ಕಾರ ನಡೆಸುವ ಉಚಿತ ಸಹಾಯವಾಣಿ. ಮನಸ್ಸಿಗೆ ತೀರಾ ಕಷ್ಟ ಆದರೆ 14416, ಅದು ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಡಾಕ್ಟರನ್ನು ಕೇಳಿದರೆ ನಿಕೋಟಿನ್ ಗಮ್ ಬೇಕೋ ಬೇಡವೋ ಹೇಳುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ವಿಭಾಗ ಎಲ್ಲಿದೆ ಅಂತ ವಿಚಾರಿಸಿ. ನಾಚಿಕೆ ಬೇಡ.

ಮೊದಲ ಎರಡು ಮೂರು ದಿನ ಬಹಳ ಕೆಟ್ಟದಾಗಿ ಇರುತ್ತವೆ. ಸಿಟ್ಟು, ತಲೆನೋವು, ನಿದ್ದೆ ಇಲ್ಲ, ಓದಿದ್ದು ತಲೆಗೆ ಹೋಗಲ್ಲ. ಮೂರು ನಾಲ್ಕು ವಾರಕ್ಕೆ ಇಳಿಯುತ್ತದೆ. ಸೇದಬೇಕು ಅನ್ನುವ ಎಳೆತ ಒಂದೊಂದು ಸಲಕ್ಕೆ ಕೆಲವೇ ನಿಮಿಷ. ಆ ನಿಮಿಷಗಳನ್ನು ದಾಟಿಸಲು ಪಕ್ಕದಲ್ಲಿ ಒಬ್ಬರು ಬೇಕು. ರಾತ್ರಿ ಹನ್ನೊಂದಕ್ಕೆ ಅವನು ಕೆಳಗೆ ಬರುತ್ತಿದ್ದ, ನಾನು ಮಜ್ಜಿಗೆ ಕೊಡುತ್ತಿದ್ದೆ, ಹತ್ತು ನಿಮಿಷ ಊರಿನ ಮಾತಾಡಿ ಹೋಗುತ್ತಿದ್ದ. ಕೆಲವು ರಾತ್ರಿ ಇಂಡಿ ಹುಡುಗನೂ ಜೊತೆಗೆ ಬಂದ. ಒಂದು ಎಚ್ಚರ ಮಾತ್ರ ಇರಲಿ. ವೇಪ್ ಬಿಟ್ಟು ಗುಟ್ಕಾ, ತಂಬಾಕು ಸುಣ್ಣಕ್ಕೆ ಕೈ ಹಾಕುವುದು ನಮ್ಮ ಕಡೆ ಬಹಳ. ಅದು ಬಿಟ್ಟಂತೆ ಅಲ್ಲ. ಒಮ್ಮೆ ಜಾರಿದರೆ ಬೈಯಬೇಡಿ, ಮರುದಿನದಿಂದ ಮತ್ತೆ ಎಣಿಸಿ. ಅವನೂ ಎರಡು ಸಲ ಜಾರಿದ.

ಹೆಜ್ಜೆ 9: ರೂಮನ್ನು ತೊಳೆಯಿರಿ

ಸೇದುವುದು ನಿಂತ ಮೇಲೂ ನಿಕೋಟಿನ್ ಗೋಡೆ, ಪರದೆ, ಗಾದಿಗೆ ಅಂಟಿಕೊಂಡಿರುತ್ತದೆ. ವಾಸನೆಯ ಸ್ಪ್ರೇ ಹೊಡೆಯಬೇಡಿ, ದಮ್ಮಿನವರಿಗೆ ಅದೂ ತ್ರಾಸ. ಬಿಸಿಲು ಬಿದ್ದ ದಿನ ಕಿಟಕಿ, ಬಾಗಿಲು ಎರಡೂ ತೆಗೆದಿಡಿ. ಪರದೆ, ಚಾದರ, ದಿಂಬಿನ ಗವುಸು ಬಿಸಿನೀರು ಸಾಬೂನಿನಲ್ಲಿ ಒಗೆಯಿರಿ. ಮೇಜು, ಕಿಟಕಿಯ ಚೌಕಟ್ಟು, ಸ್ವಿಚ್ಚಿನ ಸುತ್ತ ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಸ್ವಿಚ್ಚಿಗೆ ಮಾತ್ರ ಒಣ ಬಟ್ಟೆ. ಫ್ಯಾನಿನ ರೆಕ್ಕೆ ಮರೆಯಬೇಡಿ, ಅಲ್ಲಿ ಜಿಗುಟು ಜಾಸ್ತಿ ಕೂತಿರುತ್ತದೆ. ಗಾದಿಯನ್ನು ಮಾಳಿಗೆಯ ಮೇಲೆ ಎರಡು ದಿನ ಬಿಸಿಲಿಗೆ ಹಾಕಿ. ನಮ್ಮ ಮನೆಯಲ್ಲಿ ಆ ಕೆಲಸವನ್ನು ಸೆಪ್ಟೆಂಬರಿನ ಮೊದಲ ಬಿಸಿಲಿಗೆ ಮಾಡಿದೆವು. ಗಾದಿಯ ಒಂದು ತುದಿ ಇಂಡಿ ಹುಡುಗ ಹಿಡಿದಿದ್ದ, ಇನ್ನೊಂದು ತುದಿ ಅವನು.